ಮುಟ್ಟು ನಿಂತ ಮೇಲಿನ ಯೋನಿ ಉರಿಗೆ ಲೇಸರ್: ದುಡ್ಡು ಕಟ್ಟುವ ಮುಂಚೆ ಏನೇನು ಮಾಡಬೇಕು?

"ಮುಟ್ಟು ನಿಂತು ನಾಲ್ಕು ವರ್ಷ ಆಯ್ತು. ಕೆಳಗಡೆ ಒಣಗಿದ ಹಾಗೆ, ಉರಿ. ಲೇಸರ್ ಹಾಕಿಸಿದರೆ ಸರಿಹೋಗುತ್ತಂತೆ, ಹಾಕಿಸಲೇ?" ಬೇರೆ ಬೇರೆ ಮಾತಿನಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೆಲವರು ತಮಗಾಗಿ ಕೇಳುತ್ತಾರೆ, ಇನ್ನು ಕೆಲವರು ದೂರದ ಊರಿನಲ್ಲೋ ಹೊರದೇಶದಲ್ಲೋ ಕೂತು ಇಲ್ಲಿರುವ ಅಮ್ಮನಿಗಾಗಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆಯಾಗಿ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮದಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ತೊಂದರೆಗೆ ಕಡಿಮೆ ಖರ್ಚಿನ, ದಶಕಗಳಿಂದ ಬಳಕೆಯಲ್ಲಿರುವ ಔಷಧ ಇದೆ: ಯೋನಿಗೆ ಹಾಕುವ ಈಸ್ಟ್ರೊಜೆನ್ ಕ್ರೀಮ್. ಬಹಳ ಹೆಂಗಸರಿಗೆ ಆ ಔಷಧದ ಹೆಸರನ್ನು ಕೂಡ ಯಾರೂ ಹೇಳಿರುವುದಿಲ್ಲ, ಅಷ್ಟರಲ್ಲೇ ಲೇಸರಿನ ಪ್ಯಾಕೇಜ್ ಕೈಗೆ ಬಂದಿರುತ್ತದೆ. ಲೇಸರ್ ಮೊದಲ ಮೆಟ್ಟಿಲಾಗಬಾರದು. ಅಲ್ಲಿಯವರೆಗೆ ಹೋಗುವ ಮುಂಚೆ ಹತ್ತಬೇಕಾದ ಮೆಟ್ಟಿಲುಗಳು ಹಲವಿವೆ, ಹೆಚ್ಚಿನವರಿಗೆ ನಡುವಿನಲ್ಲೇ ಪರಿಹಾರ ಸಿಗುತ್ತದೆ.

ಒಳಗೆ ಆಗಿರುವುದೇನು?

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬರದಿದ್ದರೆ ಋತುಬಂಧ ಆಗಿದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಅಲ್ಲಿಯವರೆಗೆ ಅಂಡಾಶಯ ಸುರಿಸುತ್ತಿದ್ದ ಈಸ್ಟ್ರೊಜೆನ್ ಎಂಬ ಹಾರ್ಮೋನು ಯೋನಿಯ ಗೋಡೆಯನ್ನು ದಪ್ಪವಾಗಿ, ಮಡಿಕೆ ಮಡಿಕೆಯಾಗಿ, ಒದ್ದೆಯಾಗಿ ಇಟ್ಟಿರುತ್ತದೆ. ಆ ಗೋಡೆಯ ಜೀವಕೋಶಗಳಲ್ಲಿರುವ ಸಕ್ಕರೆಯಂಥ ಪದಾರ್ಥವನ್ನು ತಿಂದು ಬದುಕುವ ಒಳ್ಳೆಯ ಬ್ಯಾಕ್ಟೀರಿಯಾ ಆಮ್ಲ ತಯಾರಿಸುತ್ತವೆ. ಹಾಲು ಮೊಸರಾದಾಗ ಹುಟ್ಟುವ ಆಮ್ಲವೂ ಅದೇ ಜಾತಿಯದು. ಈ ಹುಳಿ ಇರುವವರೆಗೆ ಸೋಂಕು ಹತ್ತಿರ ಬರುವುದು ಕಷ್ಟ. ಈಸ್ಟ್ರೊಜೆನ್ ಇಳಿದಾಗ ಗೋಡೆ ತೆಳುವಾಗುತ್ತದೆ, ಮಡಿಕೆಗಳು ಮಟ್ಟಸವಾಗುತ್ತವೆ, ಹುಳಿ ಕಡಿಮೆಯಾಗುತ್ತದೆ. ಮೂತ್ರನಾಳ ಮತ್ತು ಮೂತ್ರಕೋಶಕ್ಕೂ ಅದೇ ಹಾರ್ಮೋನು ಬೇಕಾದ್ದರಿಂದ ಉರಿಮೂತ್ರ, ತಡೆಯಲಾಗದ ಅವಸರ, ಪದೇ ಪದೇ ಮೂತ್ರದ ಸೋಂಕು ಜೊತೆಗೇ ಬರುತ್ತವೆ.

ಹಾಗಾಗಿಯೇ 2014ರಲ್ಲಿ ಈ ತೊಂದರೆಗೆ ಯೋನಿ, ಮೂತ್ರಾಂಗ ಎರಡನ್ನೂ ಸೇರಿಸಿದ ಹೊಸ ಹೆಸರು ಕೊಟ್ಟರು. ನಿಮ್ಮ ಚೀಟಿಯಲ್ಲಿ ಜಿಎಸ್‌ಎಂ ಎಂದು ಬರೆದಿದ್ದರೆ ಅದು ಇದೇ. ಮೈ ಬಿಸಿಯೇರಿ ಬೆವರುವುದು ಸಾಮಾನ್ಯವಾಗಿ ವರ್ಷಗಳು ಕಳೆದಂತೆ ತಗ್ಗುತ್ತದೆ, ಇದು ತಗ್ಗುವುದಿಲ್ಲ. ಬಿಟ್ಟಷ್ಟೂ ಹೆಚ್ಚುತ್ತದೆ. ಆಪರೇಷನ್ನಿನಲ್ಲಿ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆಸಿಕೊಂಡವರಿಗೆ ವಯಸ್ಸು ನಲವತ್ತಾಗದಿದ್ದರೂ ಒಮ್ಮೆಗೇ ಶುರುವಾಗಬಹುದು. ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದವರಿಗೂ ಹಾಗೆಯೇ.

1. ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ

ಉರಿ, ತುರಿಕೆ ಇದ್ದ ಮಾತ್ರಕ್ಕೆ ಅದು ಒಣಗಿದ್ದರಿಂದಲೇ ಬಂದದ್ದು ಎನ್ನಲಾಗದು. ಕಣ್ಣಿನಿಂದ ನೋಡದೆ, ಬರೀ ಮಾತು ಕೇಳಿ "ಲೇಸರ್ ಮಾಡೋಣ" ಎನ್ನುವ ಕಡೆ ಮುಂದುವರಿಯಬೇಡಿ. ಇದೇ ತರಹ ಕಾಣುವ ಬೇರೆ ತೊಂದರೆಗಳಿವೆ.

ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದಿದ್ದರೆ ಶಿಲೀಂಧ್ರದ, ಅಂದರೆ ಫಂಗಸ್ಸಿನ ಸೋಂಕು ಬರುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುತ್ತವೆ, ಹಾಗಾಗಿ ಅವನ್ನು ತೆಗೆದುಕೊಳ್ಳುವವರಿಗೆ ಈ ಸೋಂಕು ಹೆಚ್ಚು. ನೀವು ನುಂಗುವ ಎಲ್ಲಾ ಮಾತ್ರೆಗಳ ಪಟ್ಟಿಯನ್ನು ಮರೆಯದೆ ಒಯ್ಯಿರಿ. ತುರಿಕೆಯೇ ಜೋರಾಗಿದ್ದು, ಹೊರಭಾಗದ ಚರ್ಮ ಬೆಳ್ಳಗೆ ಕಾಗದದಂತೆ ಆಗಿದ್ದರೆ ಅದು ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮರೋಗ ಇರಬಹುದು. ಅದಕ್ಕೆ ಸ್ಟೀರಾಯ್ಡ್ ಮುಲಾಮು ಬೇಕು, ಮುಂದೆಯೂ ಕಣ್ಣಿಟ್ಟು ನೋಡುತ್ತಿರಬೇಕು. ಮೂತ್ರದ ಸೋಂಕು ಇದೆಯೇ ಎಂದು ತಿಳಿಯಲು ಮೂತ್ರ ಪರೀಕ್ಷೆ ಸಾಕು. ಗರ್ಭಕಂಠದ ಕ್ಯಾನ್ಸರಿನ ಸುಳಿವು ಹುಡುಕುವ ಪ್ಯಾಪ್ ಪರೀಕ್ಷೆ ಬಹಳ ದಿನದಿಂದ ಮಾಡಿಸಿಲ್ಲದಿದ್ದರೆ ಅದೇ ಭೇಟಿಯಲ್ಲಿ ಮಾಡಿಸಿಬಿಡಿ.

ಎಚ್ಚರಿಕೆ: ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ "ಒಣಗಿ ಸೀಳಿರಬೇಕು" ಎಂದು ಸುಮ್ಮನಾಗಬೇಡಿ. ಹೆಚ್ಚಿನ ಸಲ ಕಾರಣ ಸಣ್ಣದೇ ಇರುತ್ತದೆ, ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಗುರುತೂ ಇದೇ. ಸ್ಕ್ಯಾನ್ ಮಾಡಿ ಒಳಪದರದ ದಪ್ಪ ನೋಡುವವರೆಗೆ ಕ್ರೀಮೂ ಬೇಡ, ಲೇಸರೂ ಬೇಡ.

2. ಹೇಳುವಾಗ ಬಿಚ್ಚಿ ಹೇಳಿ

"ಸ್ವಲ್ಪ ಉರಿ ಇದೆ ಡಾಕ್ಟ್ರೇ" ಎಂದಷ್ಟೇ ಹೇಳಿದರೆ ಉರಿಮೂತ್ರದ ಆಂಟಿಬಯಾಟಿಕ್ ಬರೆದುಕೊಟ್ಟು ಕಳಿಸುವುದೇ ಹೆಚ್ಚು. ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕೊನೆಯ ಮುಟ್ಟು ಯಾವಾಗ, ಉರಿ ಯಾವಾಗಲೂ ಇದೆಯೋ ಮೂತ್ರ ಮಾಡುವಾಗ ಮಾತ್ರವೋ, ಗಂಡನ ಜೊತೆ ಸೇರುವಾಗ ನೋವು ಯೋನಿಯ ಬಾಗಿಲಲ್ಲೋ ಒಳಗೋ, ವರ್ಷದಲ್ಲಿ ಎಷ್ಟು ಸಲ ಮೂತ್ರದ ಸೋಂಕಾಗಿದೆ, ಏನೇನು ಹಚ್ಚಿದ್ದೀರಿ. ಬಾಯಿ ಬಿಟ್ಟು ಹೇಳಲು ಸಂಕೋಚವಾದರೆ ಚೀಟಿಯನ್ನೇ ಕೊಡಿ. ಜೊತೆಗೆ ಬಂದ ಮಗನೋ ಸೊಸೆಯೋ ಹೊರಗೆ ಕೂತಿರಲಿ ಎಂದು ಕೇಳುವ ಹಕ್ಕೂ ನಿಮಗಿದೆ.

"ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎಂಬ ಮಾತು ಎದುರಾದರೆ ಆ ಡಾಕ್ಟರನ್ನು ಬದಲಿಸಿ. ಗಂಡ ಇಲ್ಲದವರಿಗೂ, ಮದುವೆಯೇ ಆಗದವರಿಗೂ ಈ ಉರಿ ಬರುತ್ತದೆ. ಬಸ್ಸಿನಲ್ಲಿ ಎರಡು ಗಂಟೆ ಕೂರಲಾಗದೆ, ನಡೆದರೆ ಸೀರೆಯ ಲಂಗ ತಾಗಿ ಚುರುಗುಟ್ಟುತ್ತಾ ದಿನ ದೂಡುವ ಹೆಂಗಸರಿದ್ದಾರೆ. ಅದಕ್ಕೆ ಚಿಕಿತ್ಸೆ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

3. ಉರಿಸುವ ವಸ್ತುಗಳನ್ನು ನಿಲ್ಲಿಸಿ, ತೇವ ಕೊಡಿ

ಆ ಜಾಗಕ್ಕೆ ಸೋಪು, ಡೆಟಾಲ್ ನೀರು, ಪರಿಮಳದ ವಾಶ್ ಯಾವುದೂ ಬೇಡ. ಒಳಗೆ ನೀರು ಹಾಯಿಸಿ ತೊಳೆಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಹೊರಗಡೆಗೆ ಬರೀ ನೀರು ಸಾಕು. ಕೆಲವರಿಗೆ ಇಷ್ಟರಲ್ಲೇ ಅರ್ಧ ಉರಿ ಇಳಿಯುತ್ತದೆ.

ಇನ್ನು ಎರಡು ಬಗೆಯ ಜೆಲ್‌ಗಳಿವೆ, ಜನ ಇವೆರಡನ್ನೂ ಒಂದೇ ಎಂದುಕೊಂಡು ಮೋಸ ಹೋಗುತ್ತಾರೆ. ಯೋನಿ ಮಾಯಿಶ್ಚರೈಸರ್ ಅಂದರೆ ಗೋಡೆಗೆ ಅಂಟಿಕೊಂಡು ತೇವ ಹಿಡಿದಿಡುವ ಜೆಲ್. ಇದನ್ನು ವಾರಕ್ಕೆ ಎರಡು ಮೂರು ಸಲ, ಸಂಭೋಗ ಇರಲಿ ಬಿಡಲಿ, ಹಾಕಿಕೊಳ್ಳಬೇಕು. ಹಯಲುರಾನಿಕ್ ಆಸಿಡ್ ಇರುವಂಥವು ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಲೂಬ್ರಿಕೆಂಟ್ ಅಂದರೆ ಸೇರುವ ಹೊತ್ತಿಗೆ ಮಾತ್ರ ಹಚ್ಚುವ ಜಾರು ಜೆಲ್, ಅದು ಒಣಗುವಿಕೆಯನ್ನು ವಾಸಿ ಮಾಡುವುದಿಲ್ಲ. ಪರಿಮಳ, ಬಿಸಿ ಹುಟ್ಟಿಸುವ ಗುಣ ಎಂದೆಲ್ಲ ಬರೆದ ಡಬ್ಬಿಗಳನ್ನು ಮುಟ್ಟಬೇಡಿ, ತೆಳುವಾದ ಚರ್ಮಕ್ಕೆ ಅವು ಬೆಂಕಿ. ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಹೊರಗಿನ ಚರ್ಮಕ್ಕೆ ತೊಂದರೆಯಿಲ್ಲ. ಆದರೆ ಕಾಂಡೋಮ್ ಬಳಸುವವರು ಬಳಸಬಾರದು, ಎಣ್ಣೆ ತಾಗಿದರೆ ಅದು ಹರಿಯುತ್ತದೆ.

4. ಈಸ್ಟ್ರೊಜೆನ್ ಕ್ರೀಮನ್ನು ಸರಿಯಾಗಿ, ಪೂರಾ ಹನ್ನೆರಡು ವಾರ ಬಳಸಿ ನೋಡಿ

ಲೇಸರ್ ಹಾಕಿಸಿಕೊಳ್ಳಬೇಕೆಂದು ಬಂದವರನ್ನು "ಕ್ರೀಮ್ ಬಳಸಿದ್ದೀರಾ?" ಎಂದು ಕೇಳಿದರೆ "ಬಳಸಿದೆ, ಏನೂ ಆಗಲಿಲ್ಲ" ಎನ್ನುತ್ತಾರೆ. ಎಷ್ಟು ದಿನ ಎಂದು ಕೇಳಿದರೆ ಒಂದು ವಾರ. ಆ ಕಾರಣಕ್ಕೇ ಈ ಮೆಟ್ಟಿಲನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವುದು ಎಸ್ಟ್ರಿಯಾಲ್ ಕ್ರೀಮ್. ದೇಹ ತಾನೇ ಮಾಡುವ ಈಸ್ಟ್ರೊಜೆನ್‌ಗಳಲ್ಲಿ ಸೌಮ್ಯವಾದದ್ದು ಇದು. ಟ್ಯೂಬಿನ ಜೊತೆ ಗುರುತು ಹಾಕಿದ ಕೊಳವೆ ಇರುತ್ತದೆ. ಡಾಕ್ಟರು ಹೇಳಿದ ಗುರುತಿನವರೆಗೆ ತುಂಬಿ, ರಾತ್ರಿ ಮಲಗುವ ಮುಂಚೆ, ಮಲಗಿಕೊಂಡೇ ಒಳಗೆ ಹಾಕಬೇಕು. ಸಾಮಾನ್ಯ ಕ್ರಮ ಹೀಗೆ: ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡೇ ಸಲ. ಸೋಮವಾರ, ಗುರುವಾರ ಎಂದು ಎರಡು ದಿನಗಳನ್ನು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ನೋವು ಬಾಗಿಲಲ್ಲಿದ್ದರೆ ಬೆರಳ ತುದಿಯಲ್ಲಿ ಸ್ವಲ್ಪ ಕ್ರೀಮ್ ತೆಗೆದು ಯೋನಿದ್ವಾರಕ್ಕೂ ಮೂತ್ರದ್ವಾರದ ಸುತ್ತಲೂ ಹಚ್ಚಬೇಕು. ಕೊಳವೆಯಿಂದ ಎಲ್ಲವನ್ನೂ ಆಳಕ್ಕೆ ತಳ್ಳಿಬಿಟ್ಟರೆ ನೋಯುವ ಜಾಗಕ್ಕೆ ಔಷಧವೇ ತಲುಪುವುದಿಲ್ಲ.

ಜನ ಎಡವುವುದು ಎಲ್ಲಿ? ಮೊದಲ ಕೆಲವು ದಿನ ಸ್ವಲ್ಪ ಉರಿಯಬಹುದು, ತೆಳುವಾದ ಗೋಡೆಗೆ ಹೊಸ ವಸ್ತು ತಾಗಿದಾಗ ಹಾಗಾಗುತ್ತದೆ. ಅಷ್ಟಕ್ಕೇ ಹೆದರಿ ಬಿಡುತ್ತಾರೆ. ಎರಡನೆಯದು, ಗುಣ ಕಾಣಲು ಕೆಲವು ವಾರ ಬೇಕು, ಪೂರ್ತಿ ಫಲಕ್ಕೆ ಸುಮಾರು ಹನ್ನೆರಡು ವಾರ. ಮೂರನೆಯದು, ಗುಣವಾಯಿತೆಂದು ನಿಲ್ಲಿಸುತ್ತಾರೆ, ಕೆಲವೇ ತಿಂಗಳಲ್ಲಿ ಉರಿ ವಾಪಸ್ಸು. ಹಾರ್ಮೋನಿನ ಕೊರತೆ ಹಾಗೆಯೇ ಇರುವುದರಿಂದ ಕ್ರೀಮೂ ಮುಂದುವರಿಯಬೇಕಾಗುತ್ತದೆ. ಇನ್ನೊಂದು, ಇದನ್ನು ಸೇರುವ ಹೊತ್ತಿನ ಜಾರು ಜೆಲ್ ಎಂದು ಬಳಸುವುದು. ಹಾಗೆ ಮಾಡಬೇಡಿ.

ದೊಡ್ಡ ಹೆದರಿಕೆ ಕ್ಯಾನ್ಸರಿನದು. ಡಬ್ಬಿಯೊಳಗಿನ ಕಾಗದ ಓದಿದವರು ಟ್ಯೂಬನ್ನು ತೆರೆಯುವುದೇ ಇಲ್ಲ. ಆ ಎಚ್ಚರಿಕೆಗಳು ಹುಟ್ಟಿದ್ದು ನುಂಗುವ ಹಾರ್ಮೋನ್ ಮಾತ್ರೆಗಳ ಅಧ್ಯಯನದಿಂದ. ಕಡಿಮೆ ಪ್ರಮಾಣದಲ್ಲಿ ಯೋನಿಗೆ ಹಾಕುವ ಕ್ರೀಮಿನಿಂದ ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಮಾತ್ರೆ ತೆಗೆದುಕೊಳ್ಳುವಾಗ ಗರ್ಭಕೋಶವನ್ನು ಕಾಪಾಡಲು ಜೊತೆಗೆ ಕೊಡುವ ಪ್ರೊಜೆಸ್ಟರಾನ್ ಕೂಡ ಇದಕ್ಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮೂತ್ರದ ಸೋಂಕು ಮರುಕಳಿಸುವುದನ್ನೂ ಈ ಕ್ರೀಮ್ ಕಡಿಮೆ ಮಾಡುತ್ತದೆ.

ಸ್ತನ ಕ್ಯಾನ್ಸರ್ ಆಗಿದ್ದವರ ಲೆಕ್ಕ ಬೇರೆ. ನೀವು ಮೊದಲು ಮೂರನೆಯ ಮೆಟ್ಟಿಲಿನ ಹಾರ್ಮೋನಿಲ್ಲದ ಜೆಲ್‌ಗಳನ್ನು ಗಟ್ಟಿಯಾಗಿ ಪ್ರಯತ್ನಿಸಬೇಕು. ಅದು ಸಾಲದಿದ್ದರೆ ಕ್ರೀಮಿನ ಬಗ್ಗೆ ನಿಮ್ಮ ಕ್ಯಾನ್ಸರ್ ತಜ್ಞರನ್ನೇ ಕೇಳಿ. ಲೆಟ್ರೋಝೋಲ್, ಅನಾಸ್ಟ್ರೋಝೋಲ್ ಮಾತ್ರೆ ನುಂಗುತ್ತಿರುವವರಂತೂ ಅವರನ್ನು ಕೇಳದೆ ಕ್ರೀಮ್ ಮುಟ್ಟಬಾರದು, ಏಕೆಂದರೆ ಆ ಮಾತ್ರೆಗಳ ಕೆಲಸವೇ ದೇಹದಲ್ಲಿ ಈಸ್ಟ್ರೊಜೆನ್ ಇಲ್ಲದಂತೆ ನೋಡಿಕೊಳ್ಳುವುದು. "ನಿಮಗೆ ಹಾರ್ಮೋನ್ ಆಗಲ್ಲ, ಆದ್ದರಿಂದ ಲೇಸರೇ ದಾರಿ" ಎಂಬ ಮಾತನ್ನು ಹೆಚ್ಚಾಗಿ ಕೇಳುವವರೂ ನೀವೇ. ನಡುವೆ ಇರುವ ದಾರಿಗಳನ್ನೆಲ್ಲ ಹಾರಿ ಹೇಳುವ ಮಾತು ಅದು.

ನೋವಿನ ಭಯಕ್ಕೆ ಅಲ್ಲಿನ ಸ್ನಾಯುಗಳು ತಾವಾಗಿಯೇ ಬಿಗಿಯುವ ಅಭ್ಯಾಸ ಕೆಲವರಲ್ಲಿ ಬೆಳೆದಿರುತ್ತದೆ. ಗೋಡೆ ಸರಿಯಾದರೂ ನೋವು ಹೋಗದು. ಅಂಥವರಿಗೆ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳನ್ನು ಸಡಿಲಿಸಲು ಕಲಿಸುವ ಫಿಸಿಯೋಥೆರಪಿ ಬೇಕು. ಇದನ್ನು ಯಾವ ಲೇಸರೂ ಮಾಡಿಕೊಡದು.

5. ಲೇಸರ್ ಏನು ಮಾಡುತ್ತದೆ, ಎಷ್ಟು ಮಾಡುತ್ತದೆ ಎಂದು ತಿಳಿದುಕೊಳ್ಳಿ

ಬಳಕೆಯಲ್ಲಿ ಮುಖ್ಯವಾಗಿ ಎರಡು ಬಗೆ: ಕಾರ್ಬನ್ ಡೈಆಕ್ಸೈಡ್ ಲೇಸರ್ ಮತ್ತು ಎರ್ಬಿಯಮ್ ಯಾಗ್ ಲೇಸರ್. ಬೆರಳಿಗಿಂತ ಸ್ವಲ್ಪ ದಪ್ಪದ ಕೊಳವೆಯನ್ನು ಯೋನಿಯೊಳಗೆ ಇಟ್ಟು, ಸುತ್ತಲ ಗೋಡೆಗೆ ಬೆಳಕಿನ ಚುಕ್ಕೆಗಳನ್ನು ಹಾಯಿಸುತ್ತಾರೆ. ಜೀವಕೋಶದೊಳಗಿನ ನೀರು ಆ ಶಾಖ ಹೀರಿ ಕಾಯುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ. ಗಾಯ ಮಾಯುವಾಗ ಹೊಸ ಕೊಲಾಜೆನ್, ಅಂದರೆ ಚರ್ಮಕ್ಕೆ ಬಿಗಿ ಕೊಡುವ ನಾರು, ಬೆಳೆದು ಗೋಡೆ ದಪ್ಪವಾಗುತ್ತದೆ ಎಂಬುದು ಇದರ ಹಿಂದಿನ ಆಲೋಚನೆ. ಮುಖದ ಸುಕ್ಕಿಗೆ ಮಾಡುವ ಲೇಸರಿನಿಂದ ಬಂದ ಆಲೋಚನೆ ಇದು. ಒಂದು ಸಲಕ್ಕೆ ಕೆಲವು ನಿಮಿಷ ಸಾಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಿಟ್ಟು ಬಿಟ್ಟು ಮೂರು ಸಲ ಮಾಡುತ್ತಾರೆ, ಆಮೇಲೆ ವರ್ಷಕ್ಕೊಮ್ಮೆ ಮತ್ತೊಂದು.

ಕೇಳಲು ಸರಿಯಾಗಿದೆ. ಆದರೆ ಗುಣವಾಗಿದ್ದು ಲೇಸರಿನಿಂದಲೋ, ಚಿಕಿತ್ಸೆ ಸಿಕ್ಕಿತೆಂಬ ನಂಬಿಕೆಯಿಂದಲೋ ಎಂದು ಬೇರ್ಪಡಿಸಿ ನೋಡಬೇಕಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಅದನ್ನೇ ಮಾಡಿದರು. ಮುಟ್ಟು ನಿಂತ 85 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಕಾರ್ಬನ್ ಡೈಆಕ್ಸೈಡ್ ಲೇಸರ್, ಇನ್ನೊಂದಕ್ಕೆ ಅದೇ ಕೊಳವೆ ಇಟ್ಟು ಹೆಸರಿಗಷ್ಟೇ ಶಕ್ತಿ ಹಾಯಿಸುವ ಹುಸಿ ಚಿಕಿತ್ಸೆ ಕೊಟ್ಟರು. ತಮಗೆ ಸಿಕ್ಕಿದ್ದು ಯಾವುದೆಂದು ಹೆಂಗಸರಿಗೆ ತಿಳಿಸಲಿಲ್ಲ. ಮೂರು ಸಲ ಚಿಕಿತ್ಸೆ, ಹನ್ನೆರಡು ತಿಂಗಳು ಕಾದು ನೋಡಿದರು. ಉರಿ, ಒಣಗುವಿಕೆ, ನೋವು, ಜೀವನದ ಗುಣಮಟ್ಟ ಯಾವುದರಲ್ಲೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಗೋಡೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಇರಲಿಲ್ಲ. 2021ರ ಅಕ್ಟೋಬರಿನಲ್ಲಿ ಜಾಮಾ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಲೇಸರಿನ ಪರವಾಗಿ ತೋರಿಸುವ ಅಧ್ಯಯನಗಳೂ ಇವೆ. ಅಮೆರಿಕದಲ್ಲಿ ಲೇಸರನ್ನು ಈಸ್ಟ್ರೊಜೆನ್ ಕ್ರೀಮಿಗೆ ಹೋಲಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ತಿಂಗಳಿಗೆ ಎರಡೂ ಹೆಚ್ಚುಕಡಿಮೆ ಸಮ ಬಂದವು. ಆದರೆ ಅದರಲ್ಲಿ ಹುಸಿ ಚಿಕಿತ್ಸೆಯ ಗುಂಪಿರಲಿಲ್ಲ, ತಮಗೆ ಯಾವುದು ಸಿಗುತ್ತಿದೆ ಎಂದು ಹೆಂಗಸರಿಗೆ ಗೊತ್ತಿತ್ತು. ಸಿಡ್ನಿಯಲ್ಲಿ ಹುಸಿ ಚಿಕಿತ್ಸೆಯ ಗುಂಪಿನಲ್ಲೂ ಹಲವರು "ವಾಸಿ" ಎಂದರು. ಹಾಗಾಗಿ ನಿಮ್ಮ ಪರಿಚಯದವರು "ನನಗೆ ಗುಣವಾಯ್ತು" ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ಅದು ಲೇಸರಿನಿಂದಲೇ ಆಯಿತು ಎನ್ನಲು ಮಾತ್ರ ಅಷ್ಟು ಸಾಲದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲಿ "ಯೋನಿ ಯೌವನ" ಎಂದು ಹೇಳಿ ಈ ಯಂತ್ರಗಳನ್ನು ಮಾರುವುದರ ವಿರುದ್ಧ ಎಚ್ಚರಿಕೆ ಹೊರಡಿಸಿತು. ಸುಟ್ಟಗಾಯ, ಕಲೆಗಟ್ಟುವುದು, ಸೇರುವಾಗ ನೋವು, ಬಿಡದ ನೋವು ಆದ ವರದಿಗಳನ್ನು ಅದು ಹೆಸರಿಸಿತು. ಯಾವ ಚಿಕಿತ್ಸೆ ಬಳಸಬಹುದು ಎಂದು ವೈದ್ಯರಿಗೆ ಸಲಹೆ ಕೊಡುವ, ಬ್ರಿಟನ್ನಿನ ನೈಸ್ ಎಂಬ ಸಂಸ್ಥೆ 2021ರಲ್ಲಿ ಈ ತೊಂದರೆಗೆ ಲೇಸರನ್ನು ಸಂಶೋಧನೆಯೊಳಗೆ ಮಾತ್ರ ಬಳಸಬೇಕು ಎಂದಿತು.

"ಎಫ್‌ಡಿಎ ಅಪ್ರೂವ್ಡ್" ಎಂದು ಗೋಡೆಯ ಮೇಲೆ ಬರೆದಿದ್ದರೆ ಹೀಗೆ ಕೇಳಿ: ಯಾವುದಕ್ಕೆ? ಸ್ತ್ರೀರೋಗದ ಶಸ್ತ್ರಚಿಕಿತ್ಸೆಯಲ್ಲಿ ಅಂಗಾಂಶ ಕತ್ತರಿಸಲು, ಸುಡಲು ಒಂದು ಯಂತ್ರಕ್ಕೆ ಒಪ್ಪಿಗೆ ಸಿಕ್ಕಿರಬಹುದು. ಮುಟ್ಟು ನಿಂತ ಮೇಲಿನ ಒಣಗುವಿಕೆಗೆ ಸಿಕ್ಕ ಒಪ್ಪಿಗೆ ಅದಲ್ಲ. ಆ 2018ರ ಎಚ್ಚರಿಕೆಯ ತಿರುಳೇ ಇದು.

6. ಆದರೂ ಮಾಡಿಸಿಕೊಳ್ಳಬೇಕು ಅನ್ನಿಸಿದರೆ

ಎಲ್ಲಾ ಮೆಟ್ಟಿಲು ಹತ್ತಿ, ಕ್ರೀಮ್ ಆಗದೆ ಅಥವಾ ಬೇಡವೆನಿಸಿ, ಎಲ್ಲ ತಿಳಿದೂ ಲೇಸರನ್ನು ಆಯ್ದುಕೊಳ್ಳುವವರಿದ್ದಾರೆ. ಅದು ನಿಮ್ಮ ನಿರ್ಧಾರ, ನಾನು ತಪ್ಪೆನ್ನಲಾರೆ. ಈ ಪ್ರಶ್ನೆಗಳಿಗೆ ಉತ್ತರ ಪಡೆದು ಹೋಗಿ:

ಮಾಡುವವರು ಸ್ತ್ರೀರೋಗ ತಜ್ಞರೇ? ಬ್ಯೂಟಿ ಕ್ಲಿನಿಕ್ಕಿನಲ್ಲಿ ಮಾಡಿಸಿಕೊಳ್ಳಬೇಡಿ. ಯಾವ ಲೇಸರ್, ಎಷ್ಟು ಜನಕ್ಕೆ ಮಾಡಿದ್ದಾರೆ, ಸುಟ್ಟಗಾಯ ಆದರೆ ಯಾರು ನೋಡುತ್ತಾರೆ, ಯಾರ ಖರ್ಚಿನಲ್ಲಿ? ಮೂರು ಸಲಕ್ಕೂ ಸೇರಿ ಒಟ್ಟು ಎಷ್ಟು, ವರ್ಷಕ್ಕೊಮ್ಮೆಯದು ಅದರಲ್ಲಿ ಸೇರಿದೆಯೇ, ಒಂದೇ ಸಲಕ್ಕೆ ನಿಲ್ಲಿಸಿದರೆ ಉಳಿದ ದುಡ್ಡು ವಾಪಸ್ಸು ಬರುತ್ತದೆಯೇ ಎಂಬುದನ್ನು ಬರೆಸಿಕೊಳ್ಳಿ. ಮೂರಕ್ಕೂ ಮುಂಗಡ ಕಟ್ಟಿದರೆ ರಿಯಾಯಿತಿ ಎಂದರೆ ಒಪ್ಪಬೇಡಿ, ಮೊದಲ ಸಲದ ಅನುಭವ ನೋಡಿ ಮುಂದಿನದು. ವಿಮೆಯವರನ್ನೂ ಮೊದಲೇ ಕೇಳಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳುವವರೆಗೆ ಸಹಿ ಬೇಡ.

ಕಾರಣ ತಿಳಿಯದ ರಕ್ತಸ್ರಾವ, ಈಗ ಇರುವ ಯೋನಿಯ ಅಥವಾ ಮೂತ್ರದ ಸೋಂಕು, ಹರ್ಪಿಸ್ ಗುಳ್ಳೆ, ಪ್ಯಾಪ್ ವರದಿಯಲ್ಲಿ ದೋಷ, ಗರ್ಭಕೋಶ ಜಾರಿ ಹೊರಗೆ ಬಂದಿರುವುದು, ಆ ಭಾಗಕ್ಕೆ ರೇಡಿಯೇಶನ್ ಆಗಿರುವುದು, ಜಾರಿದ ಅಂಗವನ್ನು ಎತ್ತಿ ಹಿಡಿಯಲು ಒಳಗೆ ಬಲೆ (ಮೆಶ್) ಹಾಕಿದ ಆಪರೇಷನ್ ಆಗಿರುವುದು, ರಕ್ತ ತೆಳುವಾಗಿಸುವ ಮಾತ್ರೆ, ಇವುಗಳಲ್ಲಿ ಒಂದಿದ್ದರೂ ಮೊದಲೇ ಹೇಳಿ. ಇವುಗಳಲ್ಲಿ ಹೆಚ್ಚಿನವಕ್ಕೆ ಲೇಸರ್ ಮಾಡಬಾರದು.

7. ಮಾಡಿಸಿಕೊಂಡ ದಿನ ಮತ್ತು ಆಮೇಲೆ

ಒಳಗೆ ಅಷ್ಟು ನೋವಾಗುವುದಿಲ್ಲ, ಬಾಗಿಲ ಬಳಿ ಚುರುಕ್ಕೆನ್ನುತ್ತದೆ. ಅದಕ್ಕೆ ಮರಗಟ್ಟಿಸುವ ಕ್ರೀಮ್ ಹಚ್ಚುತ್ತಾರೆ. ನಡುವೆ ತಡೆಯಲಾಗದ ನೋವಾದರೆ ಸಹಿಸಿಕೊಂಡು ಸುಮ್ಮನಿರಬೇಡಿ, ನಿಲ್ಲಿಸಲು ಹೇಳಿ. ಅದು ಯಂತ್ರದ ಶಕ್ತಿ ಹೆಚ್ಚಾಗಿರುವ ಗುರುತಿರಬಹುದು. ಆಮೇಲೆ ಎರಡು ಮೂರು ದಿನ ನೀರಿನಂಥ ಅಥವಾ ನಸುಗೆಂಪು ಸ್ರಾವ, ಸ್ವಲ್ಪ ಊತ ಸಹಜ. ಕನಿಷ್ಠ ಒಂದು ವಾರ ಸಂಭೋಗ ಬೇಡ, ಒಳಗೆ ಏನೂ ಇಡಬೇಡಿ, ಕೆರೆ ಬಾವಿ ಈಜುಕೊಳದಲ್ಲಿ ಇಳಿಯಬೇಡಿ.

ಜ್ವರ, ವಾಸನೆಯ ಸ್ರಾವ, ಪ್ಯಾಡ್ ತೋಯುವಷ್ಟು ರಕ್ತ, ದಿನದಿಂದ ದಿನಕ್ಕೆ ಏರುವ ನೋವು, ಮೂತ್ರ ಕಟ್ಟಿಕೊಳ್ಳುವುದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಹೋಗಿ. ಲೇಸರ್ ಮಾಡಿದ ಕ್ಲಿನಿಕ್ ಬಾಗಿಲು ಹಾಕಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಅಲ್ಲಿನ ಡಾಕ್ಟರು ಮೊದಲು ಕೇಳುವುದು ಯಾವ ಯಂತ್ರ, ಯಾವತ್ತು, ಎಷ್ಟು ಶಕ್ತಿಯಲ್ಲಿ ಹಾಯಿಸಿದರು ಎಂದು. ಅದಕ್ಕಾಗಿ ಪ್ರತಿ ಸಲದ ವಿವರವನ್ನೂ ಬಿಲ್ಲಿನ ಹಿಂದೆಯಾದರೂ ಸರಿ, ಮಾಡಿದವರ ಕೈಯಲ್ಲೇ ಬರೆಸಿ ಫೈಲಿನಲ್ಲಿಡಿ.